ಹಳೆ ಹಾಯಿ ಮಾರೋರು ಅಳತೆ ಬರೀಲಿ, ಕೊಳ್ಳೋರು ಅಳತೆ ಕೇಳಲಿ

ಮಾನ್ಯ ಸಂಪಾದಕರೇ,

ಸಣ್ಣ ಹಳೆ ಹಾಯಿದೋಣಿಗೆ ಸೆಕೆಂಡ್ ಹ್ಯಾಂಡ್ ಹಾಯಿ ಕೊಳ್ಳೋದರ ಬಗ್ಗೆ ನಾಲ್ಕು ಮಾತು ಬರೀಬೇಕು ಅಂತ ತುಂಬ ದಿನದಿಂದ ಅನ್ಕೊಂಡಿದ್ದೆ, ದಯವಿಟ್ಟು ಈ ಪತ್ರಕ್ಕೆ ಜಾಗ ಕೊಡಿ. ಹಾಯಿ ಮಾರಾಟಕ್ಕಿದೆ ಅನ್ನೋ ಜಾಹೀರಾತು ಯಾವುದನ್ನ ತಗೊಂಡ್ರೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. "ಇಪ್ಪತ್ತೆರಡು ಅಡಿ ದೋಣಿಯ ಮೇನ್ ಸೇಲ್, ಗುಡ್ ಕಂಡೀಶನ್" ಅಂತ ಒಂದು ಸಾಲು (ಮೇನ್ ಸೇಲ್ ಅಂದ್ರೆ ಮಾಸ್ಟ್ ಅನ್ನೋ ಕಂಬದ ಹಿಂದೆ ಏರಿಸೋ ಮುಖ್ಯ ಹಾಯಿ), ಜೊತೆಗೆ ಚೀಲದಲ್ಲಿ ಸುತ್ತಿಟ್ಟ ಬಟ್ಟೆಯ ಒಂದು ಫೋಟೋ, ಅಷ್ಟೇ. ಇದರಿಂದ ಕೊಳ್ಳೋರಿಗೆ ಗೊತ್ತಾಗೋದು ಏನು ಹೇಳಿ? ಹಾಯಿ ನಮ್ಮ ಮಾಸ್ಟ್‌ಗೆ ಕೂರುತ್ತಾ, ಬಟ್ಟೆಯಲ್ಲಿ ಇನ್ನೂ ಜೀವ ಇದೆಯಾ, ಈ ಎರಡು ಪ್ರಶ್ನೆಗೆ ಉತ್ತರ ಇಲ್ದೆ ದುಡ್ಡು ಕೊಡೋದು ಸರಿಯಲ್ಲ, ಉತ್ತರ ಕೊಡದೆ ಮಾರೋದೂ ಸರಿಯಲ್ಲ.

ಇದು ಸಣ್ಣ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು, ನನಗೆ ಹಾಗನ್ನಿಸಲ್ಲ. 1960, 70ರ ದಶಕದಲ್ಲಿ ಫೈಬರ್‌ಗ್ಲಾಸ್‌ನಲ್ಲಿ ಮಾಡಿದ ದೋಣಿಗಳ ಒಡಲು ಇವತ್ತಿಗೂ ಗಟ್ಟಿಯಾಗೇ ಇದೆ, ಅಲ್ಯೂಮಿನಿಯಂ ಮಾಸ್ಟೂ ಬಹಳ ಕಾಲ ಬಾಳುತ್ತೆ, ಆದ್ರೆ ಹಾಯಿ ಅಷ್ಟು ದಿನ ಬಾಳಲ್ಲ, ಬಿಸಿಲಿಗೂ ಗಾಳಿಗೂ ಸಿಕ್ಕಿ ಅದು ದೋಣಿಗಿಂತ ಎಷ್ಟೋ ಮುಂಚೆ ಸೋತು ಹೋಗುತ್ತೆ. ಹೊಸ ಹಾಯಿ ಹೊಲಿಸೋಕೆ ಹೋದ್ರೆ ಎಷ್ಟೋ ಸಲ ಆ ಹಳೆ ದೋಣಿಯ ಬೆಲೆಗಿಂತ ಹಾಯಿಯದ್ದೇ ಜಾಸ್ತಿ ಆಗುತ್ತೆ, ಹಾಗಾಗಿ ಒಳ್ಳೊಳ್ಳೆ ದೋಣಿಗಳು ಹಾಯಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಟಾರ್ಪಾಲಿನ ಕೆಳಗೆ ಕೊಳೀತಾ ಕೂತಿರ್ತವೆ. ಇನ್ನೊಂದು ಕಡೆ ಯಾರದೋ ಅಟ್ಟದ ಮೇಲೆ ಅದೇ ಅಳತೆಯ ಒಳ್ಳೆ ಹಾಯಿ ಸುಮ್ನೆ ಬಿದ್ದಿರುತ್ತೆ. ಇವೆರಡೂ ಒಂದಾಗದೆ ಇರೋದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಸರಿಯಾದ ಮಾಹಿತಿ ಇಲ್ದಿರೋದೇ ಕಾರಣ ಅಂತ ನನ್ನ ಅಭಿಪ್ರಾಯ.

ಮೊದಲು ಅಳತೆ ವಿಷಯ. ದೋಣಿಯ ಉದ್ದ ಹೇಳಿದ್ರೆ ಹಾಯಿಯ ಅಳತೆ ಹೇಳಿದ ಹಾಗಾಗಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ. 1970ರ ದಶಕದಲ್ಲಿ ಐಒಆರ್ ಅನ್ನೋ ರೇಸಿಂಗ್ ನಿಯಮದ ಪ್ರಭಾವದಿಂದ ಎಷ್ಟೋ ದೋಣಿಗಳಿಗೆ ಮೇನ್ ಸೇಲ್ ಕಿರಿದಾಗಿ, ಜಿನೋವಾ (ಮಾಸ್ಟ್ ದಾಟಿ ಹಿಂದಕ್ಕೆ ಬರೋ ಮುಂದಿನ ಹಾಯಿ) ದೊಡ್ಡದಾಗಿ ಇಡ್ತಿದ್ರು, ಆಮೇಲೆ ಬಂದ ದೋಣಿಗಳಲ್ಲಿ ಬಹಳಷ್ಟು ಇದಕ್ಕೆ ಉಲ್ಟಾ, ಮೇನ್ ದೊಡ್ಡದು, ಜಿಬ್ (ಮಾಸ್ಟ್ ಮುಂದಿನ ಹಾಯಿ) ಚಿಕ್ಕದು. ಉದ್ದ ಎರಡರದ್ದೂ ಒಂದೇ ಇದ್ರೂ ಒಂದರ ಹಾಯಿ ಇನ್ನೊಂದಕ್ಕೆ ಆಗೋದೇ ಇಲ್ಲ. ಅದಕ್ಕೆ ದೋಣಿ ಲೋಕದಲ್ಲಿ ಪಿ, ಇ, ಐ, ಜೆ ಅಂತ ನಾಲ್ಕು ಅಳತೆ ಇಟ್ಕೊಂಡಿದ್ದಾರೆ. ಪಿ ಅಂದ್ರೆ ಬೂಮ್‌ನ (ಮೇನ್ ಸೇಲ್ ಕೆಳಗಿನ ಅಡ್ಡ ಕಂಬದ) ಮೇಲ್ಭಾಗದಿಂದ ಮೇನ್ ಸೇಲ್ ಮಾಸ್ಟ್ ಮೇಲೆ ಎಷ್ಟು ಎತ್ತರ ಏರಬಹುದೋ ಅಷ್ಟು, ಇ ಅಂದ್ರೆ ಮಾಸ್ಟ್‌ನ ಹಿಂಭಾಗದಿಂದ ಬೂಮ್ ಮೇಲೆ ಹಾಯಿಯ ತುದಿಯನ್ನ ಎಲ್ಲಿವರೆಗೆ ಎಳೀಬಹುದೋ ಅಷ್ಟು, ಐ ಅಂದ್ರೆ ಡೆಕ್‌ನಿಂದ ಜಿಬ್ ಹ್ಯಾಲ್ಯಾರ್ಡ್‌ನ (ಜಿಬ್ ಏರಿಸೋ ಹಗ್ಗದ) ಎತ್ತರ, ಜೆ ಅಂದ್ರೆ ಮಾಸ್ಟ್‌ನ ಮುಂಭಾಗದಿಂದ ಫೋರ್‌ಸ್ಟೇ (ಮಾಸ್ಟನ್ನ ಮುಂದಿನಿಂದ ಬಿಗಿದು ಹಿಡಿಯೋ ತಂತಿ) ಡೆಕ್‌ಗೆ ಸೇರೋ ಜಾಗದವರೆಗಿನ ದೂರ. ನಿಮ್ಮ ದೋಣಿಯ ಮಾಡೆಲ್‌ದು ಈ ನಾಲ್ಕೂ ಅಂಕಿ ಪಟ್ಟಿಗಳಲ್ಲಿ ಸಿಗಬಹುದು, ಆದ್ರೆ ಅದನ್ನೇ ನಂಬಿ ಕೂರಬೇಡಿ ದಯವಿಟ್ಟು, ಹಳೆ ದೋಣಿ ಅಂದ್ಮೇಲೆ ಮೂರ್ನಾಲ್ಕು ಜನರ ಕೈ ದಾಟಿ ಬಂದಿರುತ್ತೆ, ಒಬ್ರು ಬೂಮ್ ಬದಲಾಯಿಸಿರ್ತಾರೆ, ಒಬ್ರು ಮಾಸ್ಟ್ ಬುಡ ಕೊಳೆತಿದೆ ಅಂತ ಕತ್ತರಿಸಿರ್ತಾರೆ, ಇನ್ನೊಬ್ರು ಗೂಸ್‌ನೆಕ್‌ನ (ಬೂಮ್ ಮಾಸ್ಟ್‌ಗೆ ಸೇರೋ ಕೀಲನ್ನ) ಮೇಲಕ್ಕೆ ಸರಿಸಿರ್ತಾರೆ.

ಅಳೆಯೋದು ಕಷ್ಟ ಏನಲ್ಲ, ಮಾಸ್ಟ್ ಹತ್ತಬೇಕಾಗೂ ಇಲ್ಲ. ಗಾಳಿ ಇಲ್ಲದ ಹೊತ್ತಲ್ಲಿ ಉದ್ದನೆ ಟೇಪಿನ ತುದಿಯನ್ನ ಮೇನ್ ಹ್ಯಾಲ್ಯಾರ್ಡ್‌ನ ಶ್ಯಾಕಲ್‌ಗೆ (ತುದಿಯ ಕೊಂಡಿಗೆ) ಕಟ್ಟಿ, ಅದೇ ಶ್ಯಾಕಲ್‌ಗೆ ವಾಪಸ್ ಇಳಿಸೋಕೆ ಅಂತ ಇನ್ನೊಂದು ತೆಳು ಹಗ್ಗನೂ ಕಟ್ಟಿ (ಇದನ್ನ ಮರೆತ್ರೆ ಟೇಪು ಮೇಲೆ ಸಿಕ್ಕಿಹಾಕ್ಕೊಂಡಾಗ ಕೆಳಗಿಳಿಸೋಕೆ ದಾರಿ ಇರಲ್ಲ) ನಿಧಾನಕ್ಕೆ ಮೇಲೆತ್ತಿ, ಹಾಯಿ ಎಲ್ಲಿವರೆಗೆ ಏರುತ್ತೋ ಅಲ್ಲಿಗೆ ನಿಲ್ಲಿಸಿ, ಟೇಪನ್ನ ಮಾಸ್ಟ್‌ಗೆ ಒತ್ತಿ ಹಿಡಿದು ಬೂಮ್ ಮಟ್ಟದಲ್ಲಿ ಎಷ್ಟು ಅಂತ ಓದ್ಕೊಂಡ್ರೆ ಪಿ ಸಿಕ್ತು. ಜಿಬ್ ಹ್ಯಾಲ್ಯಾರ್ಡ್‌ಗೂ ಹೀಗೇ ಮಾಡಿ ಫೋರ್‌ಸ್ಟೇ ಪಕ್ಕದಲ್ಲೇ ಅಳೆದು ಜಿಬ್ ಎಷ್ಟು ಉದ್ದ ಇರಬಹುದು ಅಂತ ಬರ್ಕೊಳ್ಳಿ. ಈಗ ಸರಿಯಾಗಿ ಕೂರೋ ಹಳೆ ಹಾಯಿ ಕೈಲಿದ್ರೆ ಅದನ್ನೂ ಹಾಸಿ ಅಳೆದಿಡಿ, ಮುಂದೆ ಅದಕ್ಕಿಂತ ಒಳ್ಳೆ ದಾಖಲೆ ಬೇರೆ ಇಲ್ಲ.

ಇನ್ನು ಮಾರೋ ಹಾಯಿ ಅಳೆಯೋದು. ಹಾಯಿಗೆ ಮೂರು ಅಂಚು. ಮುಂದಿನದು ಲಫ್, ಹಿಂದಿನದು ಲೀಚ್, ಕೆಳಗಿನದು ಫುಟ್. ಚೊಕ್ಕಟವಾದ ನೆಲದ ಮೇಲೆ ಹಾಸಿ, ಒಂದೊಂದು ಅಂಚನ್ನೂ ಇಬ್ಬರು ಎರಡು ಕಡೆ ಹಿಡ್ಕೊಂಡು ಸುಕ್ಕು ಹೋಗೋವಷ್ಟು ಮಾತ್ರ ಎಳೆದು, ರಿಂಗಿನಿಂದ ರಿಂಗಿಗೆ ಅಳೀಬೇಕು. ಲಫ್ ನಿಮ್ಮ ಅಳತೆಗಿಂತ ಒಂದು ಗೇಣು ಕಮ್ಮಿ ಇದ್ರೆ ಚಿಂತೆ ಇಲ್ಲ, ಒಂದೆರಡು ಇಂಚು ಜಾಸ್ತಿ ಇದ್ರೂ ಚಿಂತೆನೇ, ಯಾಕಂದ್ರೆ ಪೂರ್ತಿ ಎಳೆದ ಮೇಲೂ ಲಫ್ ಬಿಗಿಯಾಗಲ್ಲ, ಬಿಗಿಯಾಗದ ಲಫ್‌ನಲ್ಲಿ ಹಾಯಿ ಯಾವತ್ತೂ ಸರಿಯಾದ ಆಕಾರಕ್ಕೆ ಬರಲ್ಲ. ಲೀಚ್ ಅಳತೆ ಕೇಳೋದನ್ನ ಬಹಳ ಜನ ಬಿಡ್ತಾರೆ, ಅದನ್ನ ಬಿಡಬಾರದು. ಲಫ್, ಫುಟ್ ಎರಡೂ ಸರಿ ಇದ್ದು ಲೀಚ್ ಉದ್ದ ಇದ್ರೆ ಬೂಮ್‌ನ ಹಿಂದಿನ ತುದಿ ಕೆಳಗೆ ಜೋತುಬಿದ್ದು ದೋಣಿಲಿ ಕೂತೋರ ತಲೆಗೇ ಬಡಿಯುತ್ತೆ. ಜಿಬ್ ಅಥವಾ ಜಿನೋವಾ ಆದ್ರೆ ಇನ್ನೊಂದು ಅಳತೆ ಬೇಕು, ಹಿಂದಿನ ಕೆಳಮೂಲೆ ಅಂದ್ರೆ ಕ್ಲೂ ಇರುತ್ತಲ್ಲ, ಅಲ್ಲಿಂದ ಲಫ್‌ಗೆ ನೇರ ಲಂಬವಾಗಿ ಎಷ್ಟು ದೂರ ಅನ್ನೋದು, ಇದಕ್ಕೆ ಎಲ್‌ಪಿ ಅಂತಾರೆ. ಜಿನೋವಾನ ಇಷ್ಟು ಪರ್ಸೆಂಟ್‌ದು ಅಂತ ಹೇಳ್ತಾರಲ್ಲ, ಎಲ್‌ಪಿಯನ್ನ ಜೆ ಇಂದ ಭಾಗಿಸಿದ್ರೆ ಬರೋದೇ ಆ ಲೆಕ್ಕ, ಉದಾಹರಣೆಗೆ ಎಲ್‌ಪಿ 2.7 ಮೀಟರ್, ಜೆ 2 ಮೀಟರ್ ಇದ್ರೆ ಅದು 135 ಪರ್ಸೆಂಟ್ ಜಿನೋವಾ. ಇಲ್ಲಿ ಒಂದು ಎಚ್ಚರಿಕೆ, ಮಾರೋರು 150 ಪರ್ಸೆಂಟ್ ಅಂದ್ರೆ ಅದು ಅವರ ದೋಣಿಯ ಜೆ ಲೆಕ್ಕದಲ್ಲಿ, ನಿಮ್ಮ ಜೆ ಬೇರೆ ಇದ್ರೆ ಪರ್ಸೆಂಟೂ ಬೇರೆ ಆಗುತ್ತೆ, ಹಾಗಾಗಿ ಪರ್ಸೆಂಟ್ ಬೇಡ ಮೀಟರ್ ಲೆಕ್ಕ ಕೊಡಿ ಅಂತಲೇ ಕೇಳಿ.

ಅಳತೆ ಸರಿಹೋದ್ರೂ ಹಾಯಿ ಮಾಸ್ಟ್‌ಗೆ ಸೇರೋ ವಿಧಾನ ಹೊಂದಬೇಕು. ಕೆಲವು ಮೇನ್ ಸೇಲ್‌ನ ಅಂಚಿಗೆ ಹಗ್ಗ ಹೊಲಿದಿರ್ತಾರೆ, ಆ ಹಗ್ಗವೇ ಮಾಸ್ಟ್‌ನ ಉದ್ದನೆ ತೋಡಿನೊಳಗೆ ಜಾರುತ್ತೆ, ಕೆಲವಕ್ಕೆ ಹಾಗೆ ಜಾರೋ ಪ್ಲಾಸ್ಟಿಕ್ ತುಂಡುಗಳು, ಅಂದ್ರೆ ಸ್ಲಗ್ ಅಥವಾ ಸ್ಲೈಡ್ ಇರುತ್ತೆ. ಸ್ಲೈಡ್ ಬದಲಾಯಿಸೋದು ಸುಲಭ, ಅದಕ್ಕೋಸ್ಕರ ಒಳ್ಳೆ ಹಾಯಿ ಬಿಡಬೇಕಾಗಿಲ್ಲ. ಜಿಬ್‌ಗೆ ಮಾತ್ರ ಸ್ವಲ್ಪ ಯೋಚಿಸಿ, ಫೋರ್‌ಸ್ಟೇಗೆ ಸಿಕ್ಕಿಸೋ ಹ್ಯಾಂಕ್ ಕೊಂಡಿ ಇರೋ ಜಿಬ್ಬನ್ನ ಫರ್ಲರ್‌ಗೆ (ಜಿಬ್ಬನ್ನ ಫೋರ್‌ಸ್ಟೇ ಸುತ್ತ ಸುತ್ತಿಡೋ ಸಾಧನಕ್ಕೆ) ಹಾಕ್ಬೇಕು ಅಂದ್ರೆ ಲಫ್‌ಗೆ ಹೊಸ ಟೇಪ್ (ಫರ್ಲರ್ ತೋಡಿನಲ್ಲಿ ಜಾರೋ ಅಂಚುಪಟ್ಟಿ) ಹೊಲಿಸಬೇಕು, ಆ ಖರ್ಚು ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಟೇಪ್ ಮೊದಲೇ ಇದ್ರೆ ಅದರ ಸೈಜ್ ಕೇಳಿ, 5 ಅಥವಾ 6 ಅಂತ ಹೇಳ್ತಾರೆ, ಅದು ಒಂದು ಇಂಚಿನ 32ನೇ ಭಾಗದ ಲೆಕ್ಕ, ನಿಮ್ಮ ಫರ್ಲರ್ ತೋಡಿಗಿಂತ ದಪ್ಪದ್ದು ಒಳಗೆ ಹೋಗಲ್ಲ. ಫರ್ಲರ್‌ನ ಕೆಳಗಿನ ಡ್ರಮ್ಮು, ಮೇಲಿನ ತಿರುಗೋ ಸ್ವಿವೆಲ್ ತಿನ್ನೋ ಜಾಗವನ್ನೂ ಲಫ್ ಉದ್ದದಿಂದ ಕಳೀಬೇಕು. ತೀರಾ ಗಿಡ್ಡ ಇದ್ರೆ ಸ್ವಿವೆಲ್ ಕೆಳಗೇ ನಿಂತು, ಹಾಯಿ ಸುತ್ತೋವಾಗ ಹ್ಯಾಲ್ಯಾರ್ಡ್ ಫೋರ್‌ಸ್ಟೇಗೆ ಸುತ್ತಿಕೊಳ್ಳುತ್ತೆ, ಹಾಯಿಯ ನೆತ್ತಿಗೆ ಒಂದು ತುಂಡು ವೈರ್ ಸೇರಿಸಿ ಸ್ವಿವೆಲ್‌ನ ಮೇಲಕ್ಕೆ ಕಳಿಸಿದ್ರೆ ಅದು ಸರಿಹೋಗುತ್ತೆ.

ಈಗ ಬಟ್ಟೆ. ಸಣ್ಣ ದೋಣಿಗಳ ಹಾಯಿ ಬಹುಪಾಲು ಡೇಕ್ರಾನ್, ಅಂದ್ರೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್. ಪಾಲಿಯೆಸ್ಟರ್ ನಾರನ್ನ 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್, ಡಿಕ್ಸನ್ ಅನ್ನೋ ಇಬ್ಬರು ಕಂಡುಹಿಡಿದ್ರು, 1950ರ ದಶಕದಲ್ಲಿ ಅದು ಹತ್ತಿಯ ಹಾಯಿಗಳ ಜಾಗಕ್ಕೆ ಬಂತು. ಇದು ಕೊಳೆಯಲ್ಲ, ನೀರು ಕುಡಿಯಲ್ಲ, ಆದ್ರೆ ಬಿಸಿಲಿಗೆ ಸೋಲುತ್ತೆ. ನೇಯ್ಗೆ ಅಲುಗಾಡದಿರಲಿ ಅಂತ ಬಟ್ಟೆಗೆ ರಾಳ ಹಾಕಿರ್ತಾರೆ, ಹಾಯಿ ಗಾಳೀಲಿ ಪಟಪಟ ಅಂತ ಹೊಡ್ಕೊಂಡಾಗೆಲ್ಲ ಆ ರಾಳ ಒಡೀತಾ ಹೋಗುತ್ತೆ, ಒಡೆದ ಮೇಲೆ ಬಟ್ಟೆ ಕರ್ಣದ ದಿಕ್ಕಿನಲ್ಲಿ, ಅಂದ್ರೆ ಎಳೆಗಳಿಗೆ ಓರೆಯಾಗಿ ಹಿಗ್ಗೋಕೆ ಶುರು. ಕೈಯಲ್ಲಿ ಹಿಡಿದ್ರೇ ಗೊತ್ತಾಗುತ್ತೆ, ಜೀವ ಇರೋ ಡೇಕ್ರಾನ್ ಮಡಚಿದ್ರೆ ಚರಚರ ಸದ್ದು ಮಾಡುತ್ತೆ, ಮಡಿಕೆ ಗೆರೆ ನಿಲ್ಲುತ್ತೆ, ಸೋತಿದ್ದು ಹಳೆ ಬೆಡ್‌ಶೀಟ್ ಥರ ಮೆತ್ತಗೆ ಕೈಯೊಳಗೆ ಕುಸಿಯುತ್ತೆ. ಒಂದು ಜಾಗದಲ್ಲಿ ಓರೆಯಾಗಿ ಹಿಡಿದು ಎಳೆದು ನೋಡಿ, ಬಿಟ್ಟ ಮೇಲೂ ಅಲ್ಲಿ ಉಬ್ಬು ಹಾಗೇ ಉಳಿದ್ರೆ ಆ ಬಟ್ಟೆ ಮುಗೀತು ಅಂತ ಅರ್ಥ.

ಬಟ್ಟೆಗಿಂತ ಮುಂಚೆ ಸಾಯೋದು ಹೊಲಿಗೆ ದಾರ. ಬಟ್ಟೆಯ ಎಳೆ ನೇಯ್ಗೆಯೊಳಗೆ ಒಂದಕ್ಕೊಂದು ಒತ್ತಿಕೊಂಡಿರುತ್ತೆ, ಹೊಲಿಗೆ ದಾರ ಮಾತ್ರ ಮೇಲ್ಮೈ ಮೇಲೇ ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತೆ. ಹಾಯಿಯನ್ನ ಬೂಮ್ ಮೇಲೆ ಕವರ್ ಇಲ್ದೆ ಸುತ್ತಿಟ್ಟಿದ್ರೆ ಹೊರಗೆ ಕಾಣ್ತಿದ್ದ ಭಾಗ, ಫರ್ಲರ್ ಜಿಬ್ ಆದ್ರೆ ಲೀಚ್ ಮತ್ತು ಫುಟ್‌ನ ಅಂಚು, ಇಲ್ಲೇ ಮೊದಲು ಹೋಗುತ್ತೆ. ಹಾಯಿ ಹಾಸಿದಾಗ ಲೀಚ್ ಕಡೆಯಿಂದ ಶುರು ಮಾಡಿ ಒಂದೊಂದು ಜೋಡಣೆ ಮೇಲೂ ಹೆಬ್ಬೆರಳಿನ ಉಗುರಿನಿಂದ ಅಂಕುಡೊಂಕು ಹೊಲಿಗೆಯನ್ನ ಗಟ್ಟಿಯಾಗಿ ಕೆರೆದು ನೋಡಿ. ಗಟ್ಟಿ ದಾರ ಉಗುರಿಗೆ ತಡೆ ಕೊಡುತ್ತೆ, ಏನೂ ಆಗಲ್ಲ. ಸತ್ತ ದಾರ ಪುಡಿಪುಡಿಯಾಗಿ, ತುಂಡುತುಂಡಾಗಿ ಉಗುರಿನ ಹಿಂದೆ ಏಳುತ್ತೆ. ಹೀಗಾದ್ರೆ ತಕ್ಷಣ ಹಾಯಿ ಬೇಡ ಅನ್ನಬೇಡಿ, ಅದೇ ಜಾಗದ ಬಟ್ಟೆಗೆ ದಪ್ಪ ಸೂಜಿ ಚುಚ್ಚಿ ಮೆಲ್ಲಗೆ ಎಳೀರಿ (ಮಾರೋರನ್ನ ಕೇಳಿ ಮಾಡಿ), ಬಟ್ಟೆ ಹರಿಯದೆ ನಿಂತ್ರೆ ಮತ್ತೆ ಹೊಲಿಸಿ ವರ್ಷಾನುಗಟ್ಟಲೆ ಬಳಸಬಹುದು, ತೂತು ಕಾಗದದ ಥರ ಸೀಳ್ತಾ ಹೋದ್ರೆ ಹೊಸ ಹೊಲಿಗೆ ನಿಲ್ಲೋಕೆ ಅಲ್ಲಿ ಆಧಾರವೇ ಇಲ್ಲ, ಎಷ್ಟೇ ಅಗ್ಗ ಕೊಟ್ರೂ ತಗೋಬೇಡಿ. ಆಮೇಲೆ ಮೂರು ಮೂಲೆಗಳು, ಬ್ಯಾಟನ್ (ಹಾಯಿ ನೆಟ್ಟಗಿರಲಿ ಅಂತ ತೂರಿಸೋ ಪಟ್ಟಿ) ಪಾಕೆಟ್‌ಗಳ ತುದಿಗಳು, ಮಾಸ್ಟ್‌ನ ಅಡ್ಡ ತೋಳು ಅಂದ್ರೆ ಸ್ಪ್ರೆಡರ್ ಉಜ್ಜೋ ಜಾಗ, ರೀಫ್ (ಜೋರು ಗಾಳೀಲಿ ಹಾಯಿ ಚಿಕ್ಕದು ಮಾಡೋ) ರಿಂಗುಗಳ ಸುತ್ತ, ಇಷ್ಟನ್ನ ಬೆಳಕಿಗೆ ಎದುರಾಗಿ ಹಿಡಿದು ನೋಡಿ.

ಕಲೆ ನೋಡಿ ಹೆದರಬೇಡಿ. ಡೇಕ್ರಾನ್ ಮೇಲಿನ ಬೂಷ್ಟಿನ ಕಪ್ಪು ಚುಕ್ಕೆ ನೋಡೋಕೆ ಕೆಟ್ಟದಾಗಿ ಕಾಣುತ್ತೆ ಅಷ್ಟೇ, ಬಟ್ಟೆಯ ಬಲಕ್ಕೆ ಅದರಿಂದ ಏನೂ ಆಗಲ್ಲ, ಎಷ್ಟೋ ಜನ ಇದನ್ನ ನೋಡಿ ಒಳ್ಳೆ ಹಾಯಿ ಬಿಟ್ಟು ಬೆಳ್ಳಗೆ ಹೊಳೆಯೋ ಸೋತ ಹಾಯಿ ತಗೋತಾರೆ. ಅದರಲ್ಲೂ ವಾಷಿಂಗ್ ಮೆಷೀನಿಗೆ ಹಾಕಿ ಬೆಳ್ಳಗೆ ಮಾಡಿದ ಹಾಯಿ ಅಂದ್ರೆ ದೂರ ಇರಿ, ಮೆಷೀನು ಆ ರಾಳವನ್ನೆಲ್ಲ ಒಡೆದು ಹಾಕಿರುತ್ತೆ. ತೊಳೆಯೋದಿದ್ರೆ ತಣ್ಣೀರು, ಮೃದುವಾದ ಸೋಪು, ಮೆತ್ತನೆ ಬ್ರಷ್ ಸಾಕು. ಸ್ಪಿನೇಕರ್ (ಹಿಂದಿನಿಂದ ಗಾಳಿ ಬಂದಾಗ ಹಾಕೋ ಉಬ್ಬು ಹಾಯಿ) ಆದ್ರೆ ಅದು ನೈಲಾನ್, ಅದಕ್ಕೆ ಬ್ಲೀಚ್ ಸೋಕಿಸಲೇಬಾರದು.

ಆಕಾರದ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಇದನ್ನೇ ಯಾರೂ ಕೇಳಲ್ಲ. ಒಳ್ಳೆ ಮೇನ್ ಸೇಲ್‌ನ ಹೊಟ್ಟೆ, ಅಂದ್ರೆ ಅತಿ ಆಳವಾದ ಜಾಗ, ಲಫ್‌ನಿಂದ ಲೀಚ್‌ವರೆಗಿನ ಅಗಲದಲ್ಲಿ 40ರಿಂದ 50 ಪರ್ಸೆಂಟ್ ಹತ್ತಿರ ಇರುತ್ತೆ, ಜಿಬ್‌ನಲ್ಲಿ ಇನ್ನೂ ಮುಂದೆ. ಬಟ್ಟೆ ಹಿಗ್ತಾ ಹೋದ ಹಾಗೆ ಹೊಟ್ಟೆ ಆಳವಾಗ್ತಾ ಹಿಂದಕ್ಕೆ ಸರಿಯುತ್ತೆ, ಹಿಂದಕ್ಕೆ ಸರಿದ ಹೊಟ್ಟೆ ದೋಣಿಯನ್ನ ಮುಂದೆ ತಳ್ಳೋದಕ್ಕಿಂತ ಪಕ್ಕಕ್ಕೆ ವಾಲಿಸೋದೇ ಜಾಸ್ತಿ, ದೋಣಿಯ ಮೂತಿ ಗಾಳಿ ಕಡೆಗೇ ತಿರುಗ್ತಾ ಇರುತ್ತೆ, ಚುಕ್ಕಾಣಿ ಹಿಡಿದೋರ ತೋಳು ಸೋತುಹೋಗುತ್ತೆ, ಗಾಳಿಗೆ ಎದುರಾಗಿ ಹೋಗೋಕೆ ನೋಡಿದ್ರೆ ದೋಣಿ ಅತ್ತ ಸಾಗೋದೇ ಇಲ್ಲ. ಇಷ್ಟೆಲ್ಲ ಆದಾಗ ಜನ ದೋಣಿನೇ ಹಳೇದಾಯ್ತು, ಇದರ ಡಿಸೈನೇ ಸರಿ ಇಲ್ಲ ಅಂತಾರೆ, ಪಾಪ ದೋಣಿ ಏನು ಮಾಡುತ್ತೆ, ತಪ್ಪೆಲ್ಲ ಹಾಯಿದು. ಅದಕ್ಕೇ ಮಾರೋರ ಹತ್ರ ಹಾಯಿ ಏರಿಸಿದ ಒಂದು ಫೋಟೋ ಕೇಳಿ, ಸಣ್ಣ ಗಾಳೀಲಿ, ಫುಟ್‌ನ ಮಧ್ಯದಲ್ಲಿ ಬೂಮ್ ಹತ್ರ ಫೋನ್ ಇಟ್ಟು ನೆತ್ತಿ ಕಡೆಗೆ ಮುಖ ಮಾಡಿ ತೆಗೆದಿದ್ದು. ಬಟ್ಟೆ ಜೋಡಣೆಯ ಗೆರೆಗಳು ಆ ಫೋಟೋದಲ್ಲಿ ಬಿಲ್ಲಿನ ಥರ ಕಾಣ್ತವೆ, ಬಿಲ್ಲು ಎಲ್ಲಿ ಹೆಚ್ಚು ಬಾಗಿದೆ ಅನ್ನೋದನ್ನ ನೋಡಿದ್ರೆ ಎಲ್ಲಾ ತಿಳಿಯುತ್ತೆ. ಇನ್ನೊಂದು ಸೂಕ್ಷ್ಮ ಇದೆ, ಬಾಗೋ ಮಾಸ್ಟ್‌ಗೆ ಅಂತ ಹೊಲಿದ ಹಾಯಿಯ ಲಫ್‌ನಲ್ಲಿ ಹೆಚ್ಚಿನ ಕಮಾನು ಕೊಟ್ಟಿರ್ತಾರೆ, ಅದನ್ನ ನೆಟ್ಟಗೆ ನಿಲ್ಲೋ ಹಳೆ ಮಾಸ್ಟ್‌ಗೆ ಹಾಕಿದ್ರೆ ಅಷ್ಟೂ ಬಟ್ಟೆ ಮುಂಭಾಗದಲ್ಲಿ ಚೀಲದ ಹಾಗೆ ಉಳ್ಕೊಳ್ಳುತ್ತೆ. ಹಾಯಿ ಯಾವ ದೋಣಿಯಿಂದ ಬಂತು ಅಂತ ಕೇಳೋದು ಇದಕ್ಕೇನೇ.

ಮಿರರ್, ಎಂಟರ್‌ಪ್ರೈಸ್, ಜಿಪಿ14, ಲೇಸರ್ ಥರದ ಕ್ಲಾಸ್ ದೋಣಿ ಇರೋರು ಅದೃಷ್ಟವಂತರು, ಅಲ್ಲಿ ಹಾಯಿಯ ಅಳತೆ ನಿಯಮದಲ್ಲೇ ಇರೋದ್ರಿಂದ ಒಬ್ಬರದ್ದು ಇನ್ನೊಬ್ಬರಿಗೆ ಆಗುತ್ತೆ, ರೇಸ್ ಮಾಡೋರು ಬೇಗ ಬೇಗ ಹಾಯಿ ಬದಲಾಯಿಸ್ತಾರೆ, ಅವರಿಗೆ ಸಾಕಾಗದ ಹಾಯಿ ಸುಮ್ನೆ ವಿಹಾರಕ್ಕೆ ಹೋಗೋರಿಗೆ ಬೇಕಾದಷ್ಟಾಗುತ್ತೆ. ಆದ್ರೆ ದೊಡ್ಡ ರೇಸ್ ದೋಣಿಗಳ ಲ್ಯಾಮಿನೇಟ್ ಹಾಯಿ, ಅದೇ ಹೊಳೆಯೋ ಮೈಲಾರ್ ಪದರದ್ದು, ಅಗ್ಗಕ್ಕೆ ಸಿಕ್ತು ಅಂತ ತರಬೇಡಿ. ಅದರ ಪದರಗಳು ಬಿಟ್ಕೊಂಡ್ರೆ ರಿಪೇರಿ ಇಲ್ಲ, ಪದರದ ಮಧ್ಯೆ ಬೂಷ್ಟು ಹಿಡಿದ್ರೆ ತೊಳೆಯೋಕೂ ಬರಲ್ಲ.

ಬಟ್ಟೆಯ ತೂಕನೂ ಕೇಳಿ. ಹಾಯಿ ಹೊಲಿಯೋರ ಔನ್ಸ್ ಲೆಕ್ಕ ಬೇರೆ, ಅದು 28.5 ಇಂಚು ಅಗಲ 36 ಇಂಚು ಉದ್ದದ ತುಂಡಿನ ತೂಕ, ಹಾಗಾಗಿ ಒಂದು ಔನ್ಸ್ ಅಂದ್ರೆ ಚದರ ಮೀಟರಿಗೆ ಸುಮಾರು 43 ಗ್ರಾಂ. ಡಿಂಗಿ ಅನ್ನೋ ಸಣ್ಣ ತೆರೆದ ದೋಣಿಗೆ 4 ಔನ್ಸ್ ಆಸುಪಾಸು, ಇಪ್ಪತ್ತರಿಂದ ಇಪ್ಪತ್ತೈದು ಅಡಿ ದೋಣಿಗೆ 5ರಿಂದ 6 ಔನ್ಸ್ ಇದ್ರೆ ಸರಿಯಾಗುತ್ತೆ. ದೊಡ್ಡ ದೋಣಿಯ ದಪ್ಪ ಹಾಯಿಯನ್ನ ಕತ್ತರಿಸಿ ಚಿಕ್ಕದು ಮಾಡಿಸ್ತೀನಿ ಅನ್ನೋರಿದ್ದಾರೆ, ಸಣ್ಣ ಗಾಳೀಲಿ ಅದು ಅರಳೋದೇ ಇಲ್ಲ, ಕತ್ತರಿಸಿ ಹೊಲಿಸೋ ಖರ್ಚೂ ಕಮ್ಮಿ ಇಲ್ಲ.

ಕೊನೆಗೆ ಹಾಯಿ ಮಾರೋರಲ್ಲಿ ನನ್ನ ವಿನಂತಿ. ಜಾಹೀರಾತಿನಲ್ಲಿ ಲಫ್, ಲೀಚ್, ಫುಟ್ ಮೂರೂ ಅಳತೆ, ಜಿಬ್ ಆದ್ರೆ ಎಲ್‌ಪಿ, ಯಾವ ದೋಣಿದು, ಯಾವ ವರ್ಷದ್ದು, ಮಾಸ್ಟ್‌ಗೆ ಹೇಗೆ ಸೇರುತ್ತೆ, ಎಷ್ಟು ಸಾಲು ರೀಫ್ ಇದೆ, ಎಲ್ಲೆಲ್ಲಿ ತೇಪೆ ಇದೆ ಅನ್ನೋದನ್ನ ಬರೀರಿ, ಏರಿಸಿದ ಫೋಟೋ ಒಂದು, ಮೂರು ಮೂಲೆಯ ಹತ್ತಿರದ ಫೋಟೋ ಒಂದೊಂದು ಹಾಕಿ. ಅರ್ಧ ಗಂಟೆ ಕೆಲಸ ಅಷ್ಟೇ. ಕೊಳ್ಳೋರು ದೂರದಲ್ಲಿದ್ರೆ ಹಾಯಿ ತಲುಪಿದ ಮೇಲೆ ಹಾಸಿ ಅಳೆದು ನೋಡೋಕೆ, ಅಳತೆ ಹೇಳಿದ ಹಾಗಿಲ್ದಿದ್ರೆ ವಾಪಸ್ ಕಳಿಸೋಕೆ ಸಮಯ ಕೊಡಿ, ಕೊಳ್ಳೋರೂ ಅಷ್ಟೇ, ಈ ಮಾತನ್ನ ದುಡ್ಡು ಕೊಡೋ ಮುಂಚೆನೇ ಬರವಣಿಗೆಯಲ್ಲಿ ತಗೊಳ್ಳಿ. ಜಾಹೀರಾತು ಪ್ರಕಟಿಸೋರು ಈ ಅಳತೆಗಳಿಗೆ ಅಂತ ಖಾಲಿ ಜಾಗ ಬಿಟ್ಟು, ತುಂಬದೆ ಇದ್ರೆ ಹಾಯಿಯ ಜಾಹೀರಾತು ತಗೊಳ್ಳಲ್ಲ ಅಂತ ಒಂದು ಪದ್ಧತಿ ಮಾಡಿದ್ರಂತೂ ಬಹಳ ಉಪಕಾರ ಆಗುತ್ತೆ.

ಇಂತಿ,
ಹಳೆ ಹಾಯಿದೋಣಿಯ ಒಬ್ಬ ಓದುಗ